ಸಣ್ಣ ಕಳವಿಗೆ ಆನ್‌ಲೈನ್ ದೂರು: ಗಡಿ ಹಳ್ಳಿಯವರು ತಿಳಿದಿರಬೇಕಾದ ಸಂಗತಿಗಳು

ಗುಡಿಬಂಡೆ: ತೋಟದ ಮೋಟರಿನ ಕೇಬಲ್ ಕತ್ತರಿಸಿಕೊಂಡು ಹೋದರು. ಸಂತೆಯಲ್ಲಿ ಜೇಬಿನಿಂದ ಫೋನು ಹಾರಿಸಿದರು. ಬಸ್ಸಿನಲ್ಲಿ ಪರ್ಸು ಮಾಯವಾಯಿತು. ಇಂಥ ಸಣ್ಣ ಪ್ರಕರಣಗಳಲ್ಲಿ ನಮ್ಮ ಕಡೆಯ ಬಹಳಷ್ಟು ಜನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹೋದರೆ ಹೋಯ್ತು ಎಂದು ಸುಮ್ಮನಾಗುತ್ತಾರೆ. ಠಾಣೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಮಾತಾಡುವುದು ಕನ್ನಡ, ದೂರು ಬರೆಯಬೇಕಾದದ್ದು ತೆಲುಗು. ಇವೆರಡೂ ಮುಗಿದ ಮೇಲೆ ‘ಇದು ನಮ್ಮ ಲಿಮಿಟ್ಸಿಗೆ ಬರೋದಿಲ್ಲ, ಶಿರಾಕ್ಕೆ ಹೋಗಿ’ ಎಂಬ ಮಾತು ಕೇಳಿಬಂದರೆ ಅಲ್ಲಿಗೆ ಮುಗಿಯಿತು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ತೊಂದರೆಗಳ ಪೈಕಿ ಎರಡಕ್ಕೆ ನೇರ ಉತ್ತರ ಕೊಟ್ಟಿದೆ. ದೂರನ್ನು ಎಲೆಕ್ಟ್ರಾನಿಕ್ ಮಾರ್ಗದಲ್ಲಿ, ಅಂದರೆ ಆನ್‌ಲೈನಿನಲ್ಲೂ ಕೊಡಬಹುದು. ಅಪರಾಧ ಎಲ್ಲೇ ನಡೆದಿದ್ದರೂ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಆನ್‌ಲೈನಿನಲ್ಲಿ ದೂರು ಕಳಿಸಿದ ಮಾತ್ರಕ್ಕೆ ಎಫ್‌ಐಆರ್ ಆಗುವುದಿಲ್ಲ. ದೂರು ಕೊಟ್ಟವರು ಮೂರು ದಿನದೊಳಗೆ ಅದಕ್ಕೆ ಸಹಿ ಹಾಕಿದರೆ ಮಾತ್ರ ಅದು ದಾಖಲೆಗೆ ಹೋಗುತ್ತದೆ. ಈ ಮೂರು ದಿನದ ಸಂಗತಿ ಗೊತ್ತಿಲ್ಲದೆ ಬಟನ್ ಒತ್ತಿ ಮನೆಯಲ್ಲಿ ಕುಳಿತರೆ ದೂರು ಅಲ್ಲೇ ಉಳಿಯುತ್ತದೆ.

ನಮ್ಮ ಠಾಣೆ ಯಾವ ಜಿಲ್ಲೆಯದು?

ಅರ್ಜಿ ತುಂಬುವಾಗ ಮೊದಲು ಬರುವ ಪ್ರಶ್ನೆಯೇ ಜಿಲ್ಲೆ. ಇಲ್ಲಿ ತಪ್ಪಿದರೆ ದೂರು ಎಲ್ಲಿಗೋ ಹೋಗುತ್ತದೆ. 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆಯನ್ನು ವಿಭಜಿಸಿ ಶ್ರೀ ಸತ್ಯಸಾಯಿ ಜಿಲ್ಲೆ ಮಾಡಲಾಯಿತು. ಪುಟ್ಟಪರ್ತಿ ಅದರ ಕೇಂದ್ರ. ಮಡಕಶಿರಾ, ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರಂ ಮಂಡಲಗಳು ಈಗ ಈ ಹೊಸ ಜಿಲ್ಲೆಗೆ ಸೇರಿವೆ. ರಾಯದುರ್ಗ ಮಾತ್ರ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ರೂಢಿಯಲ್ಲಿ ಈಗಲೂ ನಾವು ‘ಅನಂತಪುರ ಜಿಲ್ಲೆ’ ಎಂದೇ ಹೇಳುತ್ತೇವೆ. ಅರ್ಜಿಯಲ್ಲಿ ಹಾಗೆ ಬರೆಯಬಾರದು.

ಇನ್ನೊಂದು ಗೊಂದಲ ಹೆಸರಿನದು. ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಒಂದು ಗುಡಿಬಂಡೆ ಇದೆ, ಅದು ತಾಲೂಕು ಕೇಂದ್ರ. ನಮ್ಮದು ಆಂಧ್ರದ ದಾಖಲೆಗಳಲ್ಲಿ ‘ಗುಡಿಬಂಡ’ ಎಂದಿರುತ್ತದೆ. ಕಂಪ್ಯೂಟರಿನಲ್ಲಿ ಹೆಸರು ಹುಡುಕಿ ಮೊದಲು ಕಂಡದ್ದನ್ನೇ ಒತ್ತಬೇಡಿ. ರಾಜ್ಯ, ಜಿಲ್ಲೆ, ಆಮೇಲೆ ಠಾಣೆ, ಈ ಕ್ರಮದಲ್ಲಿ ಆರಿಸಿಕೊಳ್ಳಿ.

ನಮ್ಮ ಭೂಪಟವೂ ಸರಳವಲ್ಲ. ಮಡಕಶಿರಾ ಸೀಮೆ ಕರ್ನಾಟಕದೊಳಗೆ ಚಾಚಿಕೊಂಡಿದೆ. ಶಿರಾ, ಮಧುಗಿರಿ, ಪಾವಗಡ, ಗೌರಿಬಿದನೂರು ಸುತ್ತಲೂ ಇವೆ. ರಾಯದುರ್ಗದವರಿಗೆ ಮೊಳಕಾಲ್ಮೂರು, ಬಳ್ಳಾರಿ ಹತ್ತಿರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಸಂತೆ, ಆಸ್ಪತ್ರೆ, ನೆಂಟಸ್ತನ ಎಲ್ಲಕ್ಕೂ ಜನ ದಿನವೂ ಗಡಿ ದಾಟುತ್ತಾರೆ. ಕಳ್ಳರೂ ದಾಟುತ್ತಾರೆ. ಪೊಲೀಸ್ ಠಾಣೆಯ ವ್ಯಾಪ್ತಿ ಮಾತ್ರ ಗಡಿಯಲ್ಲೇ ನಿಲ್ಲುತ್ತದೆ.

ಕಳೆದದ್ದೋ, ಕಳವಾದದ್ದೋ?

ದೂರು ಬರೆಯುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಕೈಯಿಂದಲೇ ಎಲ್ಲೋ ಬಿದ್ದುಹೋದರೆ ಅದು ಅಪರಾಧವಲ್ಲ. ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಜಮೀನಿನ ಪತ್ರ ಕಳೆದಾಗ ಪೊಲೀಸರಿಂದ ಬೇಕಾಗುವುದು ಒಂದು ರಸೀದಿ ಅಷ್ಟೇ. ಅದನ್ನು ತೋರಿಸಿ ನಕಲು ಪ್ರತಿ ಪಡೆಯಬಹುದು. ಕರ್ನಾಟಕ ಪೊಲೀಸರು ಇದಕ್ಕೆಂದೇ ‘ಇ-ಲಾಸ್ಟ್’ ಸೌಲಭ್ಯ ಕೊಟ್ಟಿದ್ದಾರೆ. ಇದರಲ್ಲಿ ತನಿಖೆ ನಡೆಯುವುದಿಲ್ಲ, ನೀವು ಕೊಟ್ಟ ಮಾಹಿತಿಗೆ ಸ್ವೀಕೃತಿ ಸಿಗುತ್ತದೆ.

ಯಾರೋ ಕದ್ದಿದ್ದಾರೆ ಎಂದು ನಿಮಗೆ ಖಚಿತವಿದ್ದರೆ ‘ಕಳೆದುಹೋಯಿತು’ ಎಂದು ಬರೆದುಕೊಡಬೇಡಿ. ಬೇಗ ಕೆಲಸ ಆಗಲಿ ಎಂದು ಹಲವರು ಹಾಗೆ ಮಾಡುತ್ತಾರೆ. ಆಮೇಲೆ ಆ ಫೋನಿನಿಂದ ಯಾರೋ ಬೆದರಿಕೆ ಕರೆ ಮಾಡಿದರೆ, ಬ್ಯಾಂಕಿನ ಹಣ ತೆಗೆದರೆ, ಕಳವಾಗಿತ್ತು ಎನ್ನಲು ನಿಮ್ಮ ಕೈಯಲ್ಲಿ ಕಾಗದ ಇರುವುದಿಲ್ಲ.

ಐದು ಸಾವಿರದ ಗೆರೆ

ಕಾನೂನು ಅಪರಾಧಗಳನ್ನು ಎರಡು ಬಗೆ ಮಾಡಿದೆ. ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದಾದವು ಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆ ಮಾಡುವಂತಿಲ್ಲದವು ಅಸಂಜ್ಞೇಯ ಅಪರಾಧಗಳು. ಬೈಗುಳದಿಂದ ಕೆಣಕಿ ಅವಮಾನಿಸುವುದು, ಕೈಯಿಂದ ಹೊಡೆದು ಸಣ್ಣ ಗಾಯ ಮಾಡುವುದು ಮುಂತಾದವು ಎರಡನೆಯ ಗುಂಪಿಗೆ ಸೇರುತ್ತವೆ. ಇವಕ್ಕೆ ಎಫ್‌ಐಆರ್ ಇರುವುದಿಲ್ಲ. ಠಾಣೆಯ ಪುಸ್ತಕದಲ್ಲಿ ಬರೆದುಕೊಂಡು, ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಹೋಗಲು ತಿಳಿಸುತ್ತಾರೆ. ಕರ್ನಾಟಕದ ಠಾಣೆಗಳಲ್ಲಿ ಎನ್‌ಸಿಆರ್ ಎನ್ನುವುದು ಇದನ್ನೇ.

ಕಳವಿನ ವಿಷಯದಲ್ಲಿ ಹೊಸ ಕಾನೂನು ಒಂದು ಗೆರೆ ಎಳೆದಿದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಬಾರಿಗೆ ಅಪರಾಧಿ ಎನಿಸಿಕೊಂಡವನು ಮಾಲನ್ನು ಅಥವಾ ಅದರ ಬೆಲೆಯನ್ನು ವಾಪಸು ಕೊಟ್ಟರೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ಕಳವನ್ನು ಅಸಂಜ್ಞೇಯ ಎಂದು ಪಟ್ಟಿ ಮಾಡಲಾಗಿದೆ.

ಹಳ್ಳಿಯವರಿಗೆ ಇದರ ಅರ್ಥವೇನು? ಹಳೆ ಸೈಕಲ್, ನಾಲ್ಕು ಕೋಳಿ, ಒಂದು ಸುತ್ತು ಡ್ರಿಪ್ ಪೈಪ್ ಹೋದರೆ ಎಫ್‌ಐಆರ್ ಸಿಗದೆ ಇರಬಹುದು. ಒಂದು ಕುರಿ ಹೋದರೆ, ಬೋರಿನ ಕೇಬಲ್ ಹೋದರೆ ಸಾಮಾನ್ಯವಾಗಿ ಬೆಲೆ ಆ ಗೆರೆ ದಾಟುತ್ತದೆ. ಆದ್ದರಿಂದ ದೂರಿನಲ್ಲಿ ಬೆಲೆ ಬರೆಯುವುದನ್ನು ಮರೆಯಬಾರದು. ಬಿಲ್ ಇದ್ದರೆ ಅದರ ಫೋಟೋ ಹಾಕಿ. ಬಿಲ್ ಇಲ್ಲದಿದ್ದರೆ ಯಾವಾಗ, ಎಲ್ಲಿ, ಎಷ್ಟಕ್ಕೆ ಕೊಂಡದ್ದು ಎಂದು ಬರೆಯಿರಿ. ಹೆಚ್ಚು ಮಾಡಿ ಬರೆಯುವುದೂ ಬೇಡ, ಸಂಕೋಚದಿಂದ ಕಡಿಮೆ ಮಾಡುವುದೂ ಬೇಡ.

ಮನೆಯೊಳಗೆ ನುಗ್ಗಿ ಮಾಡಿದ ಕಳವು ಸಣ್ಣದಲ್ಲ. ವಾಸದ ಮನೆಯಲ್ಲಿನ ಕಳವಿಗೆ 305ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಹೊಡೆದಾಟ, ಬೆಂಕಿ, ಮನೆಗೆ ನುಗ್ಗುವುದು ಮುಂತಾದವು ನಡೆಯುತ್ತಿರುವಾಗಲೇ ಆನ್‌ಲೈನ್ ಅರ್ಜಿ ತುಂಬುತ್ತ ಕೂರಬಾರದು. 112ಕ್ಕೆ ಕರೆ ಮಾಡಬೇಕು. ಗಡಿ ಊರುಗಳಲ್ಲಿ ಫೋನು ಆಚೆ ರಾಜ್ಯದ ಟವರ್ ಹಿಡಿದುಕೊಂಡಿದ್ದರೆ ಕರೆಯೂ ಆ ರಾಜ್ಯದ ಕಂಟ್ರೋಲ್ ರೂಮಿಗೆ ಹೋಗಬಹುದು. ಆದ್ದರಿಂದ ಕರೆ ಎತ್ತಿದ ಕೂಡಲೇ ಊರು, ಮಂಡಲ, ಜಿಲ್ಲೆ, ‘ಆಂಧ್ರಪ್ರದೇಶ’ ಎಂದು ಸ್ಪಷ್ಟವಾಗಿ ಹೇಳಿ.

ದೂರು ಕಳಿಸುವ ಕ್ರಮ

2017ರ ಆಗಸ್ಟ್ 21ರಂದು ಕೇಂದ್ರ ಸರ್ಕಾರ ‘ಡಿಜಿಟಲ್ ಪೊಲೀಸ್’ ಎಂಬ ತಾಣ ಆರಂಭಿಸಿತು. ರಾಜ್ಯ ಪೊಲೀಸರ ನಾಗರಿಕ ಸೇವಾ ತಾಣಗಳಿಗೆ ಅಲ್ಲಿಂದ ದಾರಿ ಇದೆ. ಠಾಣೆಗಳ ಕಂಪ್ಯೂಟರುಗಳನ್ನು ದೇಶಾದ್ಯಂತ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತ್ತು, ಅದರ ಫಲ ಇದು. ಆಂಧ್ರ ಪೊಲೀಸರು 2020ರ ಸೆಪ್ಟೆಂಬರ್ 21ರಂದು 87 ಸೇವೆಗಳ ‘ಎಪಿ ಪೊಲೀಸ್ ಸೇವಾ’ ಆ್ಯಪ್ ಬಿಡುಗಡೆ ಮಾಡಿದ್ದರು. ಕರ್ನಾಟಕದಲ್ಲಿ ವಾಹನ ಕಳವಾಗಿ, ಕದ್ದವರು ಯಾರೆಂದು ಗೊತ್ತಿಲ್ಲದಿದ್ದರೆ, ಇ-ಎಫ್‌ಐಆರ್ ದಾಖಲಿಸುವ ವ್ಯವಸ್ಥೆಯೂ ಬಂದಿದೆ. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ದೂರು ದಾಖಲಿಸಲು ಹಣ ಕೇಳುವ ತಾಣ ಕಂಡರೆ ಅದು ಮೋಸದ್ದು.

1. ನಿಮ್ಮದೇ ಮೊಬೈಲ್ ನಂಬರ್ ಕೊಡಿ. ನೆಟ್ ಸೆಂಟರಿನವರ ನಂಬರ್ ಹಾಕಿಸಿದರೆ ಓಟಿಪಿ, ಸ್ವೀಕೃತಿ ಸಂಖ್ಯೆ, ಮುಂದಿನ ಸಂದೇಶ ಎಲ್ಲವೂ ಅವರಿಗೆ ಹೋಗುತ್ತವೆ.

2. ಯಾವಾಗ, ಎಲ್ಲಿ, ಏನು, ಹೇಗೆ ಎಂಬುದನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಹಳೆ ಜಗಳ, ಜಮೀನಿನ ತಕರಾರು ಇದರಲ್ಲಿ ಸೇರಿಸಬೇಡಿ.

3. ಯಾರ ಮೇಲಾದರೂ ಅನುಮಾನ ಇದ್ದರೆ, ಯಾಕೆ ಅನುಮಾನ ಎಂದೂ ಬರೆಯಿರಿ. ಇಲ್ಲದಿದ್ದರೆ ‘ಯಾರೆಂದು ತಿಳಿಯದು’ ಎಂದು ಬರೆದರೆ ಸಾಕು.

4. ಕಳಿಸಿದ ಮೇಲೆ ಬರುವ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. ಪರದೆಯ ಫೋಟೋ ತೆಗೆದುಕೊಳ್ಳಿ.

5. ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಿ. ಆಧಾರ್ ಕಾರ್ಡ್, ಬಿಲ್, ಸ್ವೀಕೃತಿ ಸಂಖ್ಯೆ ಜೊತೆಗಿರಲಿ.

6. ಎಫ್‌ಐಆರ್ ಆದರೆ ಅದರ ಪ್ರತಿ ಕೇಳಿ ಪಡೆಯಿರಿ. ದೂರುದಾರರಿಗೆ ಅದನ್ನು ಉಚಿತವಾಗಿ ಕೊಡಬೇಕೆಂದು ಕಾನೂನು ಹೇಳುತ್ತದೆ.

ದೂರು ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ ಹೀಗಿದೆ:

‘ನಮ್ಮ ತೋಟ ಗುಡಿಬಂಡೆ ಮಂಡಲದ ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿದೆ. ಇಂಥ ತಾರೀಖು ಸಂಜೆ 6 ಗಂಟೆಗೆ ಮೋಟರ್ ನಿಲ್ಲಿಸಿ ಮನೆಗೆ ಬಂದೆ. ಮರುದಿನ ಬೆಳಿಗ್ಗೆ 7 ಗಂಟೆಗೆ ಹೋದಾಗ ಬೋರಿನಿಂದ ಸ್ಟಾರ್ಟರ್ ಪೆಟ್ಟಿಗೆಯವರೆಗಿನ ಸುಮಾರು 60 ಮೀಟರ್ ಕೇಬಲ್ ಕತ್ತರಿಸಿ ಒಯ್ದದ್ದು ಕಂಡಿತು. ಬೆಲೆ ಸುಮಾರು 8,000 ರೂಪಾಯಿ. ಕೊಂಡ ಬಿಲ್ ಲಗತ್ತಿಸಿದ್ದೇನೆ. ಪಕ್ಕದ ತೋಟದವರು ರಾತ್ರಿ ಬೈಕ್ ಸದ್ದು ಕೇಳಿದ್ದಾಗಿ ಹೇಳಿದ್ದಾರೆ. ಕದ್ದವರು ಯಾರೆಂದು ತಿಳಿಯದು. ಕ್ರಮ ಕೈಗೊಳ್ಳಲು ಕೋರುತ್ತೇನೆ.’

ಇಷ್ಟಿದ್ದರೆ ಪೊಲೀಸರಿಗೆ ಬೇಕಾದ ಸಮಯ, ಜಾಗ, ಮಾಲು, ಬೆಲೆ, ಸಾಕ್ಷಿ ಎಲ್ಲವೂ ಬಂದಂತಾಯಿತು.

ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

ಸಂವಿಧಾನದ 350ನೇ ವಿಧಿಯ ಪ್ರಕಾರ, ಕುಂದುಕೊರತೆ ಪರಿಹಾರಕ್ಕಾಗಿ ಯಾವುದೇ ಅಧಿಕಾರಿಗೆ ಸಲ್ಲಿಸುವ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಮಡಕಶಿರಾ, ರಾಯದುರ್ಗಗಳಲ್ಲಿ ಕನ್ನಡ ಬಳಕೆಯಲ್ಲಿದೆ ಎಂದು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆದರೂ ಠಾಣೆಯ ದಾಖಲೆ ತೆಲುಗಿನಲ್ಲಿ ನಡೆಯುತ್ತದೆ ಎನ್ನುವುದು ವಾಸ್ತವ. ಕನ್ನಡದ ದೂರಿನ ಜೊತೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲಿನ ಸಾರಾಂಶ ಇಟ್ಟರೆ ಕೆಲಸ ಬೇಗ ಸಾಗುತ್ತದೆ. ಎರಡೂ ಭಾಷೆ ಬಲ್ಲ ಶಾಲೆಯ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ.

ಇದಕ್ಕಿಂತ ಮುಖ್ಯವಾದದ್ದು ಮತ್ತೊಂದಿದೆ. ನೀವು ಬಾಯಲ್ಲಿ ಹೇಳಿದ್ದನ್ನು ಠಾಣೆಯವರು ಬರೆದುಕೊಂಡರೆ, ಬರೆದದ್ದನ್ನು ನಿಮಗೆ ಓದಿ ಹೇಳಬೇಕು. ಇದು ಸಂಹಿತೆಯ 173ನೇ ಕಲಮಿನಲ್ಲೇ ಇದೆ. ತೆಲುಗು ಮಾತು ಅರ್ಥವಾದರೂ ತೆಲುಗು ಅಕ್ಷರ ಓದಲು ಬಾರದವರು ನಮ್ಮಲ್ಲಿ ಬಹಳ. ‘ಕದ್ದರು’ ಎಂದು ನೀವು ಹೇಳಿದ್ದು ‘ಕಳೆದುಹೋಯಿತು’ ಎಂದಾಗಿದೆಯೇ, ಬೆಲೆ ಸರಿಯಾಗಿದೆಯೇ ಎಂದು ಕೇಳಿ ತಿಳಿದುಕೊಂಡ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ.

ಗಡಿಯಾಚೆ ಕಳವಾದರೆ: ಝೀರೋ ಎಫ್‌ಐಆರ್

ಗುಡಿಬಂಡೆಯವರೊಬ್ಬರು ಶಿರಾ ಸಂತೆಗೆ ಹೋದಾಗ 12,000 ರೂಪಾಯಿಯ ಫೋನು ಕಳವಾಯಿತು ಎಂದುಕೊಳ್ಳಿ. ಅವರು ಊರಿಗೆ ಬಂದು ಗುಡಿಬಂಡೆ ಠಾಣೆಯಲ್ಲೇ ದೂರು ಕೊಡಬಹುದು. ಅಲ್ಲಿ ಸೊನ್ನೆ ಸಂಖ್ಯೆ ಹಾಕಿ ಎಫ್‌ಐಆರ್ ದಾಖಲಿಸಿ, ಶಿರಾ ಠಾಣೆಗೆ ವರ್ಗಾಯಿಸುತ್ತಾರೆ. ಇದೇ ಝೀರೋ ಎಫ್‌ಐಆರ್. ತನಿಖೆ ಶಿರಾದವರದ್ದೇ, ಆದರೆ ದೂರು ಕೊಡಲು ನೀವು ಅಲ್ಲಿಗೆ ಓಡಬೇಕಾಗಿಲ್ಲ.

ಈ ವ್ಯವಸ್ಥೆ ಸುಮ್ಮನೆ ಬಂದದ್ದಲ್ಲ. 2019ರ ನವೆಂಬರಿನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ನಡೆಯಿತು. ಆ ರಾತ್ರಿ ಮನೆಯವರು ದೂರು ಕೊಡಲು ಹೋದಾಗ ಪೊಲೀಸರು ಯಾವ ಠಾಣೆಯ ವ್ಯಾಪ್ತಿ ಎಂದು ತಡ ಮಾಡಿದರು. ಮೂವರು ಪೊಲೀಸರು ಅಮಾನತಾದರು. ಮುಂದಿನ ತಿಂಗಳೇ ಆಂಧ್ರ ಪೊಲೀಸರು ಝೀರೋ ಎಫ್‌ಐಆರ್ ಪದ್ಧತಿಯನ್ನು ಜಾರಿಗೆ ತಂದರು. ಮೊದಲನೆಯದು ಕೃಷ್ಣಾ ಸೀಮೆಯ ಕಂಚಿಕಚರ್ಲ ಠಾಣೆಯಲ್ಲಿ, ಕಾಣೆಯಾದ ಬಾಲಕನ ಬಗ್ಗೆ ದಾಖಲಾಯಿತು. ಆಗ ಇಲಾಖೆಯ ಆದೇಶವಾಗಿದ್ದದ್ದು ಈಗ 173ನೇ ಕಲಮಿನ ಮೂಲಕ ಇಡೀ ದೇಶಕ್ಕೆ ಕಾನೂನು. ಎರಡು ರಾಜ್ಯಗಳ ನಡುವೆ ಬದುಕುವ ನಮಗೆ ಇದರ ಉಪಯೋಗ ಬೇರೆಯವರಿಗಿಂತ ಹೆಚ್ಚು.

ಫೋನು ಹೋದರೆ

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಳ್ಳೆಯ ಹೆಸರಿದೆ. ಫಕ್ಕೀರಪ್ಪ ಕಾಗಿನೆಲ್ಲಿ ಅವರು ಎಸ್‌ಪಿ ಆಗಿದ್ದಾಗ, 2022ರಲ್ಲಿ, ಅನಂತಪುರ ಪೊಲೀಸರು ಕಳೆದ ಫೋನುಗಳ ಪತ್ತೆಗೆ ವಾಟ್ಸಾಪ್ ಚಾಟ್‌ಬಾಟ್ ಆರಂಭಿಸಿದರು. ಠಾಣೆಗೆ ಹೋಗದೆ ವಾಟ್ಸಾಪಿನಲ್ಲೇ ವಿವರ ಕಳಿಸಿದವರ ಫೋನುಗಳನ್ನು ಹುಡುಕಿ, ಜನರನ್ನು ಕರೆಸಿ ವಾಪಸು ಕೊಡಲಾಯಿತು. ಸಣ್ಣ ದೂರಿಗೂ ಬೆಲೆ ಇದೆ ಎಂದು ಜನರಿಗೆ ಆಗ ಅನ್ನಿಸಿತು.

2023ರ ಮೇ ತಿಂಗಳಿನಿಂದ ಇಡೀ ದೇಶಕ್ಕೆ ‘ಸಂಚಾರ್ ಸಾಥಿ’ ತಾಣವಿದೆ. ಅದರ ಸಿಇಐಆರ್ ವಿಭಾಗದಲ್ಲಿ ಕಳೆದ ಫೋನನ್ನು ಬ್ಲಾಕ್ ಮಾಡಿಸಬಹುದು. ಮೊದಲು ಠಾಣೆಯಲ್ಲೋ ಆನ್‌ಲೈನಿನಲ್ಲೋ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಬೇಕು, ಓಟಿಪಿ ಅದಕ್ಕೇ ಬರುತ್ತದೆ. ಆಮೇಲೆ ಐಎಂಇಐ ಸಂಖ್ಯೆ, ದೂರಿನ ಪ್ರತಿ, ಗುರುತಿನ ಚೀಟಿ ಸೇರಿಸಿ ಅರ್ಜಿ ಹಾಕಬೇಕು. ಬ್ಲಾಕ್ ಆದ ಫೋನಿಗೆ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ. ಆಂಧ್ರದಲ್ಲಿ ಕದ್ದ ಫೋನನ್ನು ಕರ್ನಾಟಕದಲ್ಲಿ ಮಾರಿದರೂ ಅಷ್ಟೇ.

ಐಎಂಇಐ ಸಂಖ್ಯೆ ಫೋನಿನ ಪೆಟ್ಟಿಗೆಯ ಮೇಲೆ, ಬಿಲ್ಲಿನಲ್ಲಿ ಇರುತ್ತದೆ. ಫೋನು ಕೈಯಲ್ಲಿರುವಾಗಲೇ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ ನೋಡಿ ಬರೆದಿಡಿ. ಈ ಒಂದು ಕೆಲಸವನ್ನು ಇವತ್ತೇ ಮಾಡಬಹುದು.

ಫೋನಿನ ಜೊತೆ ಖಾತೆಯ ಹಣವೂ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಎರಡೂ ರಾಜ್ಯಗಳಲ್ಲಿ ಇದೇ ನಂಬರ್. ಹಣ ಮುಂದಿನ ಖಾತೆಗಳಿಗೆ ಹಾರುವ ಮೊದಲೇ ತಡೆಹಿಡಿಯಲು ಬ್ಯಾಂಕುಗಳಿಗೆ ತಿಳಿಸುವ ವ್ಯವಸ್ಥೆ ಅದು. ಇಲ್ಲಿ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಠಾಣೆಯವರು ಒಪ್ಪದಿದ್ದರೆ

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದು ತೀರ್ಪು ಕೊಟ್ಟಿದೆ. ಹೊಸ ಸಂಹಿತೆಯಲ್ಲಿ ಒಂದು ವಿನಾಯಿತಿ ಇದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಸಾಮಾನ್ಯ ಕಳವು ಇದರೊಳಗೆ ಬರುತ್ತದೆ. ಆದ್ದರಿಂದ ‘ವಿಚಾರಣೆ ಮಾಡುತ್ತಿದ್ದೇವೆ’ ಎಂದರೆ 14 ದಿನ ಕಾಯಿರಿ. ಆಮೇಲೆ ಕೇಳಿ.

ಆಗಲೂ ದಾಖಲಾಗದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಬಹುದು. ಗುಡಿಬಂಡೆ, ಮಡಕಶಿರಾ ಕಡೆಯವರಿಗೆ ಎಸ್‌ಪಿ ಕಚೇರಿ ಪುಟ್ಟಪರ್ತಿ, ರಾಯದುರ್ಗದವರಿಗೆ ಅನಂತಪುರ. ಅಂಚೆಯ ರಸೀದಿ ಕಾಪಾಡಿಕೊಳ್ಳಿ. ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಅದರ ಸಹಾಯವಾಣಿ 15100.

ಎಫ್‌ಐಆರ್ ಆದ ಮೇಲೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರೇ ನಿಮಗೆ ತಿಳಿಸಬೇಕು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ, ನೆಟ್ ಸಮಸ್ಯೆ ಇದ್ದಲ್ಲಿ ಹೆಚ್ಚೆಂದರೆ 72 ಗಂಟೆಯಲ್ಲಿ, ಆನ್‌ಲೈನಿನಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಆದೇಶಿಸಿದೆ. ನಿಮ್ಮದು ದಾಖಲಾಗಿದೆಯೇ ಎಂದು ಮನೆಯಲ್ಲೇ ನೋಡಬಹುದು.

ಸುಳ್ಳು ದೂರು ಬೇಡ

ಕೊಡುವುದು ಸುಲಭವಾಯಿತೆಂದು ಹಗೆ ತೀರಿಸಲು ದೂರು ಕೊಡುವವರೂ ಇದ್ದಾರೆ. ಒಬ್ಬರಿಗೆ ತೊಂದರೆ ಕೊಡಲೆಂದು ಸರ್ಕಾರಿ ಅಧಿಕಾರಿಗೆ ಸುಳ್ಳು ಮಾಹಿತಿ ಕೊಟ್ಟರೆ ನ್ಯಾಯ ಸಂಹಿತೆಯ 217ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಮೂರು ದಿನದೊಳಗೆ ಸಹಿ ಬೇಕು ಎಂಬ ನಿಯಮ ಒಂದು ರೀತಿಯಲ್ಲಿ ಇದಕ್ಕೂ ತಡೆ. ಇಸ್ಪೀಟು, ಕಳ್ಳ ಸಾರಾಯಿ ಮುಂತಾದವುಗಳ ಬಗ್ಗೆ ಹೆಸರು ಹೇಳದೆ ಸುಳಿವು ಕೊಡುವುದು ಬೇರೆ. ಸುಳಿವು ಪೊಲೀಸರಿಗೆ ಸಹಾಯವಾಗಬಹುದು. ಆದರೆ ಅದರಿಂದ ನಿಮ್ಮ ಕೈಗೆ ಎಫ್‌ಐಆರ್ ಪ್ರತಿ ಬರುವುದಿಲ್ಲ.

ಮುಂದೇನು?

ಕಾನೂನು ಆಯೋಗ 2023ರ ಸೆಪ್ಟೆಂಬರಿನಲ್ಲಿ ಕೊಟ್ಟ 282ನೇ ವರದಿಯಲ್ಲಿ, ಆರೋಪಿ ಯಾರೆಂದು ಗೊತ್ತಿಲ್ಲದ ಎಲ್ಲ ಸಂಜ್ಞೇಯ ಪ್ರಕರಣಗಳಲ್ಲೂ, ಆರೋಪಿ ಗೊತ್ತಿದ್ದರೆ ಮೂರು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲೂ ಇ-ಎಫ್‌ಐಆರ್‌ಗೆ ಅವಕಾಶ ಕೊಡಬಹುದು ಎಂದು ಶಿಫಾರಸು ಮಾಡಿತ್ತು. ದೆಹಲಿಯಲ್ಲಿ ವಾಹನ ಕಳವಿಗೆ 2015ರಿಂದಲೇ ಈ ಪದ್ಧತಿ ಇದೆ. ಅಂದರೆ ಆನ್‌ಲೈನ್ ವ್ಯವಸ್ಥೆ ಮೊದಲು ನೆಲೆಯೂರುತ್ತಿರುವುದು ಇಂಥ ಸಣ್ಣ ಪ್ರಕರಣಗಳಲ್ಲೇ.

ಒಂದು ಕೇಬಲ್ ಕಳವಾದರೆ ಒಬ್ಬ ರೈತನ ನಷ್ಟ. ಒಂದೇ ತಿಂಗಳಲ್ಲಿ ಗಡಿಯ ಈಚೆ ನಾಲ್ಕು, ಆಚೆ ಐದು ತೋಟಗಳಲ್ಲಿ ಕಳವಾಗಿ ಒಬ್ಬರೂ ದೂರು ಕೊಡದಿದ್ದರೆ, ದಾಖಲೆಯ ಪ್ರಕಾರ ಅಲ್ಲಿ ಕಳವೇ ನಡೆದಿಲ್ಲ. ಗಸ್ತು ಹಾಕಿ ಎಂದು ಕೇಳಲು ಆಧಾರವೂ ಇರುವುದಿಲ್ಲ. ಒಂಬತ್ತು ದೂರುಗಳಿದ್ದರೆ ಎರಡೂ ರಾಜ್ಯಗಳ ಪೊಲೀಸರು ಒಂದೇ ತಂಡದ ಕೈವಾಡವೇ ಎಂದು ನೋಡಬಹುದು. ನಷ್ಟ ಸಣ್ಣದಾದರೂ ದೂರು ಕೊಡಿ. ಕೊಟ್ಟ ಮೇಲೆ ಮೂರು ದಿನದೊಳಗೆ ಸಹಿ ಹಾಕುವುದನ್ನು ಮರೆಯಬೇಡಿ.